ಎಬ್ಬಿಸದೆ ಸಾಯಿಸಬಾರದು

ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬಾಗಿಲ ಬಳಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಒಂದು ಹನಿ ನೀರಿನಲ್ಲಿ ಎಷ್ಟು ಜೀವ ಓಡಾಡುತ್ತಿವೆ, ಎಷ್ಟು ಸತ್ತು ಬಿದ್ದಿವೆ ಎಂದು ಎಣಿಸುವುದು ಅವಳ ಕೆಲಸ. ಎಣಿಕೆಯಲ್ಲಿ ಅವಳು ತಪ್ಪಿದ್ದನ್ನು ಕಂಡವರಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಕೈ ಸ್ವಲ್ಪ ಬಿಗಿ. ಒಳ್ಳೆಯವರ ಸಾಲಿಗೆ ಒಬ್ಬರನ್ನು ಸೇರಿಸಬೇಕಾದರೆ ಹತ್ತು ಸಲ ಹಿಂದೆ ಮುಂದೆ ನೋಡುವವಳು.

ಅವಳು ಎಣಿಸುತ್ತಿದ್ದದ್ದು ನೀರುಕರಡಿಗಳನ್ನು. ಹೆಸರು ಕೇಳಿ ಹೆದರಬೇಕಾಗಿಲ್ಲ. ನಾಲ್ಕಾರು ಒಟ್ಟಿಗೆ ನಿಂತರೂ ಒಂದು ಸಾಸಿವೆ ಕಾಳಿನಷ್ಟಾಗದ ಪ್ರಾಣಿ. ಎಂಟು ಗಿಡ್ಡ ಕಾಲು, ಕಾಲಿನ ತುದಿಗೆ ಉಗುರು, ಗೋಡೆಯ ಮೇಲಿನ ಪಾಚಿಯಲ್ಲಿ ವಾಸ. ಪಾಚಿ ಒದ್ದೆಯಿದ್ದಾಗ ತಿಂದುಂಡು ಮೈ ತೂಗಾಡಿಸಿಕೊಂಡು ನಡೆಯುತ್ತದೆ. ಪಾಚಿ ಒಣಗಿತೋ, ಎಂಟು ಕಾಲನ್ನೂ ಒಳಗೆಳೆದುಕೊಂಡು ಪುಟ್ಟ ಪೀಪಾಯಿಯ ಹಾಗೆ ಮುದುಡಿ, ಮೈಯ ನೀರನ್ನೆಲ್ಲ ಬಿಟ್ಟುಕೊಟ್ಟು ಧೂಳಿನ ಕಣವಾಗಿಬಿಡುತ್ತದೆ. ಆಮೇಲೆ ಉಸಿರಿಲ್ಲ, ಹಸಿವಿಲ್ಲ. ಹಿಮದಲ್ಲಿಡಿ, ಸುಡುಬಿಸಿಲಲ್ಲಿಡಿ, ಗಾಳಿ ಹೀರಿ ತೆಗೆದ ಡಬ್ಬಿಯಲ್ಲಿಡಿ, ಇಟ್ಟದ್ದನ್ನೇ ಮರೆತುಬಿಡಿ. ಒಂದು ಹನಿ ನೀರು ಬಿದ್ದರೆ ಮೈ ಮುರಿದು ಎದ್ದು, ನಿನ್ನೆ ನಿಲ್ಲಿಸಿದ ಕೆಲಸಕ್ಕೆ ಇವತ್ತು ಹೊರಟವರ ಹಾಗೆ ನಡೆದುಹೋಗುತ್ತದೆ. ಒದ್ದೆಯಿದ್ದಾಗ ಬಿಸಿನೀರಿಗೆ ಸಾಯುವ ಬಡಪಾಯಿ, ಒಣಗಿದ ಮೇಲೆ ಸುಲಭಕ್ಕೆ ಯಮನಿಗೂ ಜಗ್ಗುವುದಿಲ್ಲ.

ಅದಕ್ಕೇ ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡಮೇಡಂ, ಒಂದು ಕಟ್ಟಳೆ ಮಾಡಿದ್ದರು. ಬೇಡವಾದ ಪ್ರಾಣಿಗಳನ್ನು ಒಣಗಿದ ಹಾಗೇ ಎಸೆಯಬಾರದು. ಮೊದಲು ನೀರು ಹಾಕಿ ಎಬ್ಬಿಸಬೇಕು, ಎದ್ದ ಮೇಲೆ ಕುದಿನೀರು ಸುರಿಯಬೇಕು. ಇಲ್ಲವಾದರೆ ಅವು ಧೂಳಾಗಿ ಹಾರಿ ಇನ್ಯಾರದೋ ತಟ್ಟೆಯಲ್ಲಿ ಎದ್ದು ಕೂರುತ್ತವೆ. "ಎಬ್ಬಿಸದೆ ಸಾಯಿಸಬಾರದು" ಎಂಬ ಈ ಪಾಠವನ್ನು ಹೊಸದಾಗಿ ಸೇರಿದವರಿಗೆಲ್ಲ ತೊಟ್ಟಿಯ ಪಕ್ಕ ನಿಲ್ಲಿಸಿಕೊಂಡು ಹೇಳಿಕೊಡುತ್ತಿದ್ದವಳು ಲೆಕ್ಕದಕ್ಕನೇ.

ಹಾಗೆ ಪಾಠ ಹೇಳಿಸಿಕೊಂಡವರಲ್ಲಿ ಪುಟ್ಟಿಯೂ ಒಬ್ಬಳು. ಪುಟ್ಟಿ ಬೇರೆ ಯಾರೂ ಅಲ್ಲ, ಲೆಕ್ಕದಕ್ಕನ ಗಂಡನ ತಂಗಿ. ಮನೆಯಲ್ಲಿ ಕೆಳಗೆ ಅಣ್ಣ ಅತ್ತಿಗೆ, ಮಹಡಿಯ ಕೋಣೆಯಲ್ಲಿ ಪುಟ್ಟಿ. ಲ್ಯಾಬಿನಲ್ಲಿ ಅವಳು ಡಾಕ್ಟರೇಟಿಗೆ ಓದುತ್ತಿದ್ದಳು. ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿದ್ದರೆ ಪಾತ್ರೆಗಳು ತಾವಾಗಿಯೇ ಸದ್ದು ಮಾಡುತ್ತವೆ ಎನ್ನುತ್ತಾರೆ. ಇವರಿಬ್ಬರು ಮನೆಯಲ್ಲೂ ಒಟ್ಟಿಗೆ, ಕೆಲಸದಲ್ಲೂ ಒಟ್ಟಿಗೆ ಇದ್ದರು, ಆದರೂ ಒಂದು ಚಮಚ ಬಿದ್ದ ಸದ್ದಿರಲಿಲ್ಲ. ನೋಡಿದವರು, ಇದ್ದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು. ಹೊಗಳುವವರಿಗೇನು, ಒಳಗಿನ ಸಂಗತಿ ಗೊತ್ತೇ?

ಕೆಲವು ವರ್ಷಗಳ ಹಿಂದೆ ಲೆಕ್ಕದಕ್ಕನಿಗೂ ಸ್ವಂತದ್ದೊಂದು ಸಂಶೋಧನೆ ಇತ್ತು. ಹಳೆಯ ಸೇತುವೆಯ ಕಲ್ಲಿನಿಂದ ಪಾಚಿ ಕೆರೆದು ತಂದು, ಅದರಲ್ಲಿ ಸಿಕ್ಕ ನೀರುಕರಡಿಗಳ ಮನೆತನವನ್ನೇ ಗಾಜಿನ ತಟ್ಟೆಗಳಲ್ಲಿ ಸಾಕಿ ಬೆಳೆಸಿದ್ದಳು. ಒಂದೊಂದು ತಟ್ಟೆಯ ತಳಕ್ಕೂ ಸೇತುವೆಯ ಕಮಾನಿನಂಥ ಒಂದು ಗುರುತನ್ನು ತಾನೇ ಗೀರಿದ್ದಳು. ಅಷ್ಟರಲ್ಲಿ ಅಮ್ಮನಿಗೆ ಹುಷಾರಿಲ್ಲದೆ ತವರಿಗೆ ಹೋಗಬೇಕಾಗಿ ಬಂತು. ಆಗಿನ್ನೂ ಕಾಲೇಜು ಮುಗಿಸಿ ಲ್ಯಾಬಿನಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಬರುತ್ತಿದ್ದ ಪುಟ್ಟಿಗೆ, ದಿನಾ ತಟ್ಟೆಗಳಿಗೆ ನೀರು ಹನಿಸು ಎಂದು ಹೇಳಿ ಹೊರಟಳು. ವಾಪಸು ಬಂದು ನೋಡಿದರೆ ತಟ್ಟೆಗಳೆಲ್ಲ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದವು. ಬೇಸಿಗೆಯ ಗಾಳಿಗೆ ಸರ್ರನೆ ಒಣಗಿದ್ದವು. ಹಾಗೆ ಒಣಗಿದರೆ ಸರಿಯಾಗಿ ಮುದುಡಿಕೊಳ್ಳಲು ಆ ಪ್ರಾಣಿಗಳಿಗೆ ಪುರುಸೊತ್ತೇ ಸಿಗುವುದಿಲ್ಲ. ಲೆಕ್ಕದಕ್ಕ ನೀರು ಹಾಕಿ ಸಂಜೆಯವರೆಗೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಒಂದು ಕಾಲೂ ಅಲುಗಲಿಲ್ಲ. ಕುದಿನೀರು ಸುರಿಯುವ ಮನಸ್ಸೂ ಬರದೆ, ತಟ್ಟೆಗಳನ್ನು ಹಾಗೇ ಕಸದ ಬುಟ್ಟಿಗೆ ಹಾಕಿ ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಪುಟ್ಟಿಯನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳುತ್ತಾಳೆ, ಸುಳ್ಳು ಹೇಳಿದರೆ ತನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಮನೆ ಒಡೆಯುತ್ತದೆ. ಇಷ್ಟು ಲೆಕ್ಕ ಹಾಕಿ ಬಾಯಿಗೆ ಬೀಗ ಹಾಕಿಕೊಂಡಳು. ಬೇಕೆಂದೇ ಮಾಡಿದಳೋ ಎಂಬ ಒಂದು ಅನುಮಾನವನ್ನು ಮಾತ್ರ ಒಳಗೆ ಎತ್ತಿಟ್ಟಳು. ತನ್ನ ಸಂಶೋಧನೆಯನ್ನು ಅಲ್ಲಿಗೇ ಕೈಬಿಟ್ಟು ಎಣಿಸುವ ಮೇಜಿಗೆ ಸರಿದಳು. ಮುಂದಿನ ವರ್ಷ ಪುಟ್ಟಿ ಅದೇ ಲ್ಯಾಬಿನಲ್ಲಿ ಡಾಕ್ಟರೇಟಿಗೆ ಸೇರಿದಾಗ, ಎಲ್ಲರಿಗಿಂತ ಮೊದಲು ಕೈ ಕುಲುಕಿದವಳು ಲೆಕ್ಕದಕ್ಕ. ಆ ನಗು ಎಷ್ಟು ಹೊತ್ತು ಹಿಡಿದಿಡಬೇಕಾಯಿತೆಂದರೆ ದವಡೆ ನೋಯುತ್ತಿತ್ತು.

ಈಗಿನ ವಿಷಯಕ್ಕೆ ಬರೋಣ. ಪುಟ್ಟಿಯ ಪ್ರಯೋಗ ಹೀಗಿತ್ತು. ಕೆಲವು ಸೀಸೆಗಳಲ್ಲಿ ನೀರುಕರಡಿಗಳನ್ನು ಬೇಗ ಒಣಗಿಸುವುದು, ಇನ್ನು ಕೆಲವದರಲ್ಲಿ ಒದ್ದೆ ಬ್ಲಾಟಿಂಗ್ ಪೇಪರಿನ ಜೊತೆಗಿಟ್ಟು ದಿನಗಟ್ಟಲೆ ನಿಧಾನವಾಗಿ ಒಣಗಿಸುವುದು. ಆಮೇಲೆ ಸೀಸೆಗಳ ಮೇಲಿನ ಗುರುತುಚೀಟಿ ಮುಚ್ಚುವಂತೆ ಎಲ್ಲಕ್ಕೂ ಒಂದೇ ಥರ ಕಂದು ಕಾಗದ ಸುತ್ತಿ, ಯಾವುದು ಯಾವುದೆಂದು ತಿಳಿಯದಂತೆ ಕಪಾಟಿನಲ್ಲಿ ಬೆರೆಸಿ ಇಡುವುದು. ತಿಂಗಳು ಕಳೆದ ಮೇಲೆ ಒಂದು ಸಂಜೆ ಪುಟ್ಟಿ ಎಲ್ಲಕ್ಕೂ ನೀರು ಹನಿಸಬೇಕು, ಮರುದಿನ ಬೆಳಿಗ್ಗೆ ಲೆಕ್ಕದಕ್ಕ ಎಣಿಸಬೇಕು. ಒಣಗಿಸಿದವರು ಎಣಿಸುವಂತಿಲ್ಲ, ಎಣಿಸುವವರಿಗೆ ಯಾವುದು ಹೇಗೆ ಒಣಗಿದ್ದೆಂದು ಗೊತ್ತಿರುವಂತಿಲ್ಲ. ಎಣಿಕೆ ಮುಗಿದು ಲೆಕ್ಕದಕ್ಕ ರುಜು ಹಾಕಿದ ಮೇಲೆ ದೊಡ್ಡಮೇಡಂ ಎದುರಿಗೆ ಕಾಗದ ಬಿಚ್ಚುವುದು. ಮನುಷ್ಯರ ಆಸೆ ಅವರ ಕಣ್ಣಿಗೇ ಮಣ್ಣೆರಚದಿರಲಿ ಎಂದು ಮಾಡಿಕೊಂಡ ವ್ಯವಸ್ಥೆ ಇದು. ಅನುಮಾನ ಮಣ್ಣೆರಚಿದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಮೊದಲ ಸುತ್ತಿನಲ್ಲಿ ಕಾಗದ ಬಿಚ್ಚಿದಾಗ, ನಿಧಾನಕ್ಕೆ ಒಣಗಿದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಎದ್ದು ನಡೆದಿದ್ದವು. ಬೇರೆಯವರ ಕೈಯಲ್ಲಿ ಅರ್ಧ ಎದ್ದರೆ ಟೀ ಕುಡಿಸಿ ಸಂಭ್ರಮಿಸುವ ಲ್ಯಾಬು ಅದು. ದೊಡ್ಡಮೇಡಂ ಪುಟ್ಟಿಯ ಬೆನ್ನು ತಟ್ಟಿದರು, ಇನ್ನೊಂದು ಸುತ್ತು ಹೀಗೇ ಬಂದರೆ ಹೊರಗಿನ ಪರೀಕ್ಷಕರನ್ನು ಕರೆಸಿ ಕೆಲಸ ಮುಗಿಸೋಣ ಎಂದರು. ಲೆಕ್ಕದಕ್ಕ ಮನಸ್ಸಿನಲ್ಲೇ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡಳು. ನೀರು ಹನಿಸಿದ ಸಂಜೆಗೂ ಎಣಿಸುವ ಬೆಳಿಗ್ಗೆಗೂ ನಡುವೆ ಸೀಸೆಗಳ ಬಳಿ ಇರುವುದು ಪುಟ್ಟಿ ಒಬ್ಬಳೇ. ಕಾಗದದಡಿ ಇಣುಕಿ, ಸತ್ತವುಗಳ ಜೊತೆಗೆ ನಾಲ್ಕು ಜೀವಂತ ಕರಡಿಗಳನ್ನು ಬಿಟ್ಟರೆ ಕೇಳುವವರಾರು?

ಅಲ್ಲಿಂದ ಅವಳ ಕಣ್ಣು ಪುಟ್ಟಿಯ ಬೆನ್ನು ಬಿಡಲಿಲ್ಲ. ಪುಟ್ಟಿ ನಕ್ಕರೆ ಯಾಕೆ ನಕ್ಕಳು, ನಗದಿದ್ದರೆ ಯಾಕೆ ನಗಲಿಲ್ಲ. ಎಲ್ಲರೂ ಹೊರಟ ಮೇಲೆ ಅವಳೊಬ್ಬಳಿಗೆ ಲ್ಯಾಬಿನಲ್ಲಿ ಏನು ಕೆಲಸ? ನೀರು ಹನಿಸುವ ಪಿಪೆಟ್ಟುಗಳ ಸಾಲಿನಲ್ಲಿ ಒಂದು ಮಾತ್ರ ಬೆಳಿಗ್ಗೆ ಬೆಳಿಗ್ಗೆಯೇ ಯಾಕೆ ಒದ್ದೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ ನಿಜ, ಆದರೆ ಕೆಲವು ಸಲ ಹಳದಿಯದ್ದೇ ಎದುರಿಗೆ ಬಂದು ನಿಂತಿರುತ್ತದಲ್ಲ. ಒಂದು ದಿನ ಲೆಕ್ಕದಕ್ಕ ಒಳಗೆ ಬಂದಾಗ ಪುಟ್ಟಿ ಫ್ರಿಜ್ಜಿನ ಮುಂದೆ ಮೊಣಕಾಲೂರಿ ಕೂತಿದ್ದಳು. ಕೆಳಗಿನ ಅರೆಯಲ್ಲಿ, ಹಿಂದುಗಡೆ, ಬಟ್ಟೆ ಹೊದಿಸಿದ ಒಂದು ತಗಡಿನ ಡಬ್ಬಿ. ಅತ್ತಿಗೆಯ ಚಪ್ಪಲಿ ಸದ್ದು ಕೇಳಿದ್ದೇ ಪುಟ್ಟಿ ಬಾಗಿಲನ್ನು ದಡಕ್ಕನೆ ಮುಚ್ಚಿದಳು.

"ಏನು ಹುಡುಕ್ತಿದ್ದೀಯ ಪುಟ್ಟಿ?"

"ಏನಿಲ್ಲ ಅತ್ತಿಗೆ. ಸುಮ್ನೆ, ತಣ್ಣಗಿದೆಯಾ ಅಂತ ನೋಡ್ತಿದ್ದೆ."

"ಫ್ರಿಜ್ಜಲ್ಲವಾ, ತಣ್ಣಗೇ ಇರುತ್ತೆ."

ಪುಟ್ಟಿ ನಕ್ಕಳು. ಕಿವಿ ಕೆಂಪಾಗಿದ್ದವು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಅವಳು ಊಟಕ್ಕೆ ಹೋದ ಹೊತ್ತಿನಲ್ಲಿ ಲೆಕ್ಕದಕ್ಕ ಡಬ್ಬಿ ತೆಗೆದು ನೋಡಿದಳು. ಒಳಗೆ ಗಾಜಿನ ತಟ್ಟೆಗಳು, ತಟ್ಟೆಗಳಲ್ಲಿ ಹಸಿರು ಪಾಚಿ. ಮೇಲಿನ ತಟ್ಟೆಯಿಂದ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟರೆ, ಸಂತೆಗೆ ಹೊರಟವರಂತೆ ನೀರುಕರಡಿಗಳು ಗಿಜಿಗಿಜಿ. ಹನಿಯನ್ನು ಒರೆಸಿ, ಡಬ್ಬಿಯನ್ನು ಇದ್ದ ಹಾಗೇ ಇಟ್ಟಳು. ಜೀವಂತ ಕರಡಿಗಳು ಎಲ್ಲಿಂದ ಬರುತ್ತಿವೆ ಎಂಬುದಕ್ಕೆ ಉತ್ತರ ಸಿಕ್ಕಿತ್ತು.

ರಾತ್ರಿ ಊಟದ ಹೊತ್ತಿಗೆ ಗಂಡನ ಮುಂದೆ ಮಾತು ತೆಗೆದಳು. ಅವನು ಲಿಫ್ಟು ರಿಪೇರಿ ಮಾಡುವವನು. ಯಾವ ಮಾತನ್ನೂ ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಓಡಿಸಿ ನೋಡದೆ ಅಭಿಪ್ರಾಯ ಹೇಳುವವನಲ್ಲ.

"ನಿಮ್ಮ ತಂಗಿ ಲ್ಯಾಬಿನಲ್ಲಿ ಏನೋ ಮುಚ್ಚಿಡ್ತಿದ್ದಾಳೆ ಅನ್ಸುತ್ತೆ ರೀ."

"ಏನು ಅಂತ ಕೇಳಿದ್ಯಾ?"

"ಕೇಳಿದ್ರೆ ಹೇಳ್ತಾಳಾ?"

"ಕೇಳದೇ ಇದ್ರೆ ಖಂಡಿತಾ ಹೇಳಲ್ಲ," ಎಂದು ಅವನು ತಟ್ಟೆ ಎತ್ತಿಕೊಂಡು ಎದ್ದ. "ಅಕ್ಕಪಕ್ಕ ಕೂತು ಕೆಲಸ ಮಾಡ್ತೀರಿ, ಒಂದೇ ಬಸ್ಸಲ್ಲಿ ಬರ್ತೀರಿ. ಅವಳ ಮನಸ್ಸಲ್ಲಿ ಏನಿದೆ ಅಂತ ನನ್ನನ್ನ ಕೇಳ್ತೀಯಲ್ಲ, ನಾನೇನು ಅದರ ಮೆಕ್ಯಾನಿಕ್ಕಾ?"

ತಂಗಿಯ ಪರ ಎಂದು ಲೆಕ್ಕದಕ್ಕ ಅವನ ಹೆಸರಿನ ಮುಂದೂ ಮನಸ್ಸಿನಲ್ಲೇ ಒಂದು ಗೀಟು ಎಳೆದಳು. ಮಹಡಿಯ ಮೇಲೆ ಪುಟ್ಟಿ ಓಡಾಡುವ ಸದ್ದು ಕೇಳುತ್ತಿತ್ತು. ಈ ಹೊತ್ತಿನಲ್ಲಿ ಅತ್ತಿಂದಿತ್ತ ಓಡಾಡುವಂಥದ್ದು ಏನಿದೆಯೋ.

ಕೇಳುವ ಬದಲು ಬೋನು ಇಡುವುದೇ ಸರಿ ಎಂದು ಅವಳು ತೀರ್ಮಾನಿಸಿದಳು. ಎರಡನೇ ಸುತ್ತಿನ ಸೀಸೆಗಳು ಕಪಾಟಿನಲ್ಲಿ ಒಣಗಿ ಕೂತಿದ್ದವು, ನೀರು ಹನಿಸುವುದಕ್ಕೆ ಇನ್ನೂ ಸಮಯವಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಲೆಕ್ಕದಕ್ಕ ಕೈಗೆ ಬಂದ ಕೆಲವು ಸೀಸೆಗಳನ್ನು ಎತ್ತಿಕೊಂಡಳು. ಕಾಗದ ಸುತ್ತಿದ ಹಾಗೇ ಅವುಗಳ ತಳಕ್ಕೆ ಉಗುರುಬಣ್ಣದ ಒಂದೊಂದು ಸಣ್ಣ ಚುಕ್ಕೆ ಇಟ್ಟಳು. ಗಾಜಿನ ಸಾಮಾನು ಒಣಗಿಸುವ ಓವನ್ನನ್ನು, ಬೆರಳಿಟ್ಟರೆ ಬೊಬ್ಬೆ ಏಳುವಷ್ಟು ಬಿಸಿ ಮಾಡಿ, ಸೀಸೆಗಳನ್ನು ಒಳಗಿಟ್ಟು, ಕಾರಿಡಾರಿನಲ್ಲಿ ಹೆಜ್ಜೆ ಸದ್ದಿಗೆ ಕಿವಿ ಕೊಟ್ಟು ನಿಂತಳು. ಒಳಗಿದ್ದವು ಬೆಂದು ಸತ್ತಿರಬೇಕೆಂದು ತೋರುವಷ್ಟು ಹೊತ್ತು ಕಳೆದ ಮೇಲೆ ಹೊರತೆಗೆದು, ಸೆರಗಿನಿಂದ ಹಿಡಿದು ಆರಿಸಿ, ವಾಪಸು ಕಪಾಟಿಗೆ ಸೇರಿಸಿದಳು. ಇನ್ನು ಇವು ಏಳಲಾರವು. ಎದ್ದವು ಅಂದರೆ ಪುಟ್ಟಿಯ ಕೈವಾಡ, ಬೇರೆ ಮಾತೇ ಇಲ್ಲ. ತಾನು ಕಳ್ಳ, ಪರರ ನಂಬ ಎನ್ನುವ ಗಾದೆ ಆಗ ಅವಳಿಗೆ ನೆನಪಾಗಲಿಲ್ಲ. ಕಳ್ಳರ ಹಾಗೆ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದವಳು ತಾನೇ ಎಂಬುದೂ ಹೊಳೆಯಲಿಲ್ಲ.

ನೀರು ಹನಿಸುವ ಸಂಜೆ ಪುಟ್ಟಿ ಹಿಂದೆ ಉಳಿದಳು. ಲೆಕ್ಕದಕ್ಕ ಒಬ್ಬಳೇ ಬಸ್ಸು ಹತ್ತಿ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂತಳು. ಒಂದೊಂದೇ ಸೀಸೆಯ ತಳ ತಿರುಗಿಸಿ ನೋಡಿ ಚುಕ್ಕೆಯವನ್ನು ಬೇರೆ ಮಾಡಿದಳು. ಮೊದಲನೆಯದರಲ್ಲಿ ಯಾವುದೂ ಅಲುಗುತ್ತಿರಲಿಲ್ಲ. ಎರಡನೆಯದರಲ್ಲಿ ಒಂದು ನೀರುಕರಡಿ ಉಗುರು ಚಾಚಿ ಪಾಚಿಯ ಎಳೆಯೊಂದನ್ನು ಹಿಡಿದು ಏಳುತ್ತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಚುಕ್ಕೆ ಇಲ್ಲದ ಸೀಸೆಗಳಿಗಿಂತ ಇವುಗಳ ಸಂಖ್ಯೆ ಸ್ವಲ್ಪ ಕಡಿಮೆ, ನಡಿಗೆ ಸ್ವಲ್ಪ ನಿಧಾನ. ಆದರೆ ನಡೆಯುತ್ತಿದ್ದವು. ಪಾಪ, ಆತುರದಲ್ಲಿ ಕಡಿಮೆ ಬಿಟ್ಟಿದ್ದಾಳೆ ಎಂದುಕೊಂಡಳು ಲೆಕ್ಕದಕ್ಕ. ಅನುಮಾನದವರಿಗೆ ಪುರಾವೆಯ ಬಡತನ ಎಂದೂ ಇರುವುದಿಲ್ಲ.

ಅವಳಿಗೆ ಖುಷಿಯಾಯಿತು. ಆ ಖುಷಿಗೆ ಅವಳಿಗೇ ನಾಚಿಕೆಯಾಯಿತು, ಆದರೂ ಖುಷಿ ಹೋಗಲಿಲ್ಲ. ಅಂದು ತನ್ನ ತಟ್ಟೆಗಳನ್ನು ಒಣಗಿಸಿದವಳು ಇಂದು ಸಿಕ್ಕಿಬಿದ್ದಿದ್ದಳು. ಹೇಳಿದರೆ ಪುಟ್ಟಿಯ ಓದು ಅಲ್ಲಿಗೆ ಮುಗಿದ ಹಾಗೆ. ಮೋಸ ಮಾಡಿದವಳಿಗೆ ಮತ್ತೆ ಯಾವ ಲ್ಯಾಬೂ ಬಾಗಿಲು ತೆರೆಯುವುದಿಲ್ಲ. ಹೇಳದಿದ್ದರೆ ಸುಳ್ಳು ಎಣಿಕೆಯ ಕೆಳಗೆ ತನ್ನ ರುಜು ಬೀಳುತ್ತದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಉಗುಳಲು ಅವಳ ನಾಲಿಗೆ ವರ್ಷಗಳಿಂದ ಸಿದ್ಧವಾಗಿತ್ತು.

ಕಾಗದ ಬಿಚ್ಚಲು ಮೂವರೂ ದೊಡ್ಡಮೇಡಂ ಕೋಣೆಯಲ್ಲಿ ಸೇರಿದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಸೀಸೆಗಳು ಸಾಲಾಗಿ ಕೂತಿದ್ದವು. ಪರೀಕ್ಷಕರು ಮುಂದಿನ ವಾರ ಬರುವವರಿದ್ದರು. ಪುಟ್ಟಿ ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಫಲಿತಾಂಶ ನೋಡಲು ಬಂದವರ ಹಾಗೆ ನಿಂತಿದ್ದಳು.

"ಬಿಚ್ಚೋ ಮೊದಲು ಒಂದು ಮಾತಿದೆ ಮೇಡಂ," ಎಂದಳು ಲೆಕ್ಕದಕ್ಕ. "ನಾನು ಈ ಸಲ ರುಜು ಹಾಕಲ್ಲ."

ದೊಡ್ಡಮೇಡಂ ಕನ್ನಡಕ ತೆಗೆದರು. ಲೆಕ್ಕದಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೊದಲ ಸುತ್ತಿನ ಅನುಮಾನ, ಫ್ರಿಜ್ಜಿನ ಡಬ್ಬಿ, ಉಗುರುಬಣ್ಣದ ಚುಕ್ಕೆ, ಓವನ್ನು. ಚುಕ್ಕೆಯ ಸೀಸೆಗಳನ್ನು ತಿರುಗಿಸಿ ತಳ ತೋರಿಸಿದಳು. "ಸತ್ತಿದ್ದವು ಎದ್ದಿವೆ ಅಂದ್ರೆ ಯಾರೋ ಬದುಕಿದ್ದನ್ನ ಬಿಟ್ಟಿದ್ದಾರೆ ಅಂತಲೇ ಅರ್ಥ. ಆ ಸಂಜೆ ಇಲ್ಲಿ ಉಳಿದವಳು ಒಬ್ಬಳೇ."

ದೊಡ್ಡಮೇಡಂ ಮುಖ ಗಟ್ಟಿಯಾಯಿತು.

"ಏನಮ್ಮ ಇದು?" ಎಂದು ಪುಟ್ಟಿಯ ಕಡೆ ತಿರುಗಿದರು. "ಇದು ನಿಜ ಆದ್ರೆ ನೀನು ಇವತ್ತೇ ಮೇಜು ಖಾಲಿ ಮಾಡಬೇಕಾಗುತ್ತೆ. ಗೊತ್ತಲ್ಲ?"

ಪುಟ್ಟಿ ಅಳುತ್ತಾಳೆ, ಕೂಗಾಡುತ್ತಾಳೆ, ಇಲ್ಲವೇ ಅಣ್ಣನ ಹೆಸರು ಎತ್ತುತ್ತಾಳೆ ಎಂದು ಲೆಕ್ಕದಕ್ಕ ಮೂರಕ್ಕೂ ತಯಾರಾಗಿ ಬಂದಿದ್ದಳು. ಪುಟ್ಟಿ ಸೀಸೆಗಳನ್ನೇ ನೋಡುತ್ತಾ, ಮೆಲ್ಲಗೆ ಒಂದೇ ಮಾತು ಕೇಳಿದಳು.

"ಎಬ್ಬಿಸಿದ್ರಾ ಅತ್ತಿಗೆ?"

"ಏನು?"

"ಓವನ್ನಲ್ಲಿ ಇಡೋಕೆ ಮೊದಲು ನೀರು ಹಾಕಿ ಎಬ್ಬಿಸಿದ್ರಾ? ಇಲ್ಲ ಒಣಗಿದ್ದಾಗಲೇ ಇಟ್ರಾ?"

ಲೆಕ್ಕದಕ್ಕ ಸೀಸೆಗಳ ಕಡೆ ತಿರುಗಿದಳು. ತೊಟ್ಟಿಯ ಪಕ್ಕ ಅದೆಷ್ಟು ಜನರನ್ನು ನಿಲ್ಲಿಸಿಕೊಂಡು ಹೇಳಿದ ಪಾಠ ಅದು. ಒಣಗಿದ ಮೇಲೆ ಅವುಗಳಿಗೆ ಬಿಸಿ ತಾಗುವುದಿಲ್ಲ, ಮೊದಲು ಎಬ್ಬಿಸಿ, ಆಮೇಲೆ ಸುರಿಯಿರಿ ಎಂದು ಪುಟ್ಟಿಗೂ ಹೇಳಿಕೊಟ್ಟವಳು ಅವಳೇ. ಎಬ್ಬಿಸಿ ಸಾಯಿಸಿ ಮತ್ತೆ ಒಣಗಿಸಲು ದಿನಗಳು ಬೇಕಾಗುತ್ತಿದ್ದವು, ಕದ್ದು ಮಾಡುವ ಕೆಲಸಕ್ಕೆ ಊಟದ ಬಿಡುವಿಗಿಂತ ಹೆಚ್ಚು ಸಮಯ ಎಲ್ಲಿಂದ ತರಬೇಕು? ಆ ಮಧ್ಯಾಹ್ನ ಅವಳ ಕಿವಿಯೆಲ್ಲ ಕಾರಿಡಾರಿನಲ್ಲಿತ್ತು, ತಲೆಯೆಲ್ಲ ಪುಟ್ಟಿಯ ಮೇಲಿತ್ತು.

"ಒಣಗಿದ್ದಾಗಲೇ," ಎಂದಳು ಕೊನೆಗೆ.

ದೊಡ್ಡಮೇಡಂ ಕನ್ನಡಕ ಹಾಕಿಕೊಂಡು ಚುಕ್ಕೆಯ ಸೀಸೆಗಳ ಕಾಗದವನ್ನು ತಾವೇ ಬಿಚ್ಚಿದರು. ಏಳದೇ ಉಳಿದದ್ದು ಬೇಗ ಒಣಗಿಸಿದ್ದು. ಎದ್ದವೆಲ್ಲ ನಿಧಾನಕ್ಕೆ ಒಣಗಿದವು.

"ಅವು ಸತ್ತೇ ಇರಲಿಲ್ಲ," ಎಂದರು. "ನೀನು ಕಾಯಿಸಿದೆ, ಅವು ಕೇರ್ ಮಾಡಲಿಲ್ಲ. ಅಷ್ಟೇ ಆಗಿರೋದು. ಎಷ್ಟು ವರ್ಷದಿಂದ ಇಲ್ಲಿದ್ದೀಯ ನೀನು?"

ಲೆಕ್ಕದಕ್ಕನಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡೋಣ ಎನ್ನಿಸಿತು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಕಾಲು ಬಿಡುವುದಿಲ್ಲ. ಮುಳುಗುವವಳು ಹುಲ್ಲುಕಡ್ಡಿ ಹಿಡಿದಂತೆ ಅವಳು ಕೊನೆಯದನ್ನು ಹಿಡಿದಳು. "ಹಾಗಾದ್ರೆ ಆ ಡಬ್ಬಿ? ಮುಚ್ಚಿಟ್ಟಿರೋ ತಟ್ಟೆಗಳು? ಅದನ್ನ ಯಾಕೆ ನನ್ನಿಂದ ಬಚ್ಚಿಟ್ಟೆ?"

ಪುಟ್ಟಿ ಹೊರಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಆ ತಗಡಿನ ಡಬ್ಬಿ ಇತ್ತು. ಒಂದು ತಟ್ಟೆಯ ಮುಚ್ಚಳವನ್ನು ಒತ್ತಿ ಹಿಡಿದು, ತಲೆಯ ಮಟ್ಟಕ್ಕೆ ಎತ್ತಿ, ತಳ ಕಾಣುವಂತೆ ಅತ್ತಿಗೆಯ ಮುಂದೆ ಹಿಡಿದಳು. ಕಿಟಕಿಯ ಬೆಳಕಿನಲ್ಲಿ ಗಾಜಿನ ಮೇಲೆ ಸಣ್ಣ ಕಮಾನೊಂದು ಕಂಡಿತು. ಸೇತುವೆಯ ಕಮಾನು. ಗೀರಿದ ಕೈ ಯಾರದೆಂದು ಲೆಕ್ಕದಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೀಸೆಗಳ ತಳವನ್ನು ಒಂದೊಂದಾಗಿ ತಿರುಗಿಸಿ ನೋಡಿದವಳು ಅಂದು ಈ ತಟ್ಟೆಯ ತಳವನ್ನು ನೋಡಿರಲಿಲ್ಲ.

"ನಿಮ್ಮವೇ ಅತ್ತಿಗೆ," ಎಂದಳು ಪುಟ್ಟಿ. "ಅವತ್ತು ನೀವು ಬುಟ್ಟಿಗೆ ಹಾಕಿ ಹೋದ ಮೇಲೆ ಎತ್ತಿಟ್ಟೆ. ನೀವು ಸಂಜೆವರೆಗೆ ಕಾದ್ರಿ. ಮಾರನೇ ದಿನ ಮಧ್ಯಾಹ್ನ ಒಂದೆರಡು ಎದ್ದವು. ಅವುಗಳ ಮಕ್ಕಳು ಮರಿಗಳೇ ಇವೆಲ್ಲ, ನನ್ನ ಸೀಸೆಗಳಲ್ಲಿ ಇರೋವೂ ಇವೇ. ಅಷ್ಟು ಕೆಟ್ಟದಾಗಿ ಒಣಗಿದ್ರೂ ಬದುಕಿದ್ದವಲ್ಲ, ಅದಕ್ಕೇ ಇವು ಇಷ್ಟು ಗಟ್ಟಿ ಇರಬಹುದು ಅಂತ ನನ್ನ ಊಹೆ."

"ಸೇರಿದ ದಿನವೇ ನನಗೆ ಹೇಳಿದ್ಲು," ಎಂದರು ದೊಡ್ಡಮೇಡಂ. "ನಿನಗೂ ಹೇಳಿದ್ದಾಳೆ ಅಂತಲೇ ನಾನು ಅಂದ್ಕೊಂಡಿದ್ದೆ. ಒಂದೇ ಮನೆಯಲ್ಲಿ ಇರ್ತೀರಲ್ಲ."

ಆಮೇಲೆ ಅವರು ಹೇಳಿದ್ದು ಇಷ್ಟು. ಈ ಸುತ್ತಿನ ಎಣಿಕೆಯನ್ನು ಇನ್ನು ಯಾರೂ ನಂಬುವ ಹಾಗಿಲ್ಲ, ಯಾವ ಸೀಸೆಯನ್ನು ಯಾರು ಮುಟ್ಟಿದರೋ. ಎಲ್ಲವನ್ನೂ ಮೊದಲಿನಿಂದ ಒಣಗಿಸಬೇಕು. ಪರೀಕ್ಷಕರಿಗೆ ಬರಬೇಡಿ ಎಂದು ತಾವೇ ಫೋನು ಮಾಡುತ್ತಾರೆ. ಪುಟ್ಟಿಯ ಡಾಕ್ಟರೇಟು ಈ ವರ್ಷ ಆಗುವುದಿಲ್ಲ. ಎಣಿಕೆಗೆ ಬೇರೆಯವರನ್ನು ಹಾಕುತ್ತಾರೆ. ದನಿ ಏರಿಸದೆ ಹೇಳಿದರು. ಏರಿಸಿದ್ದರೆ ಲೆಕ್ಕದಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಹಾಳಾದ ಸುತ್ತನ್ನು ಕಟ್ಟಳೆಯ ಪ್ರಕಾರ ವಿಲೇವಾರಿ ಮಾಡಬೇಕಿತ್ತು. ಇಬ್ಬರೂ ತೊಟ್ಟಿಯ ಬಳಿ ನಿಂತರು. ಪುಟ್ಟಿ ಒಂದೊಂದೇ ಸೀಸೆಯನ್ನು ಬಗ್ಗಿಸಿದಳು, ಲೆಕ್ಕದಕ್ಕ ಕುದಿನೀರು ಸುರಿದಳು. ಎದ್ದಿದ್ದವು, ನಡೆಯುತ್ತಿದ್ದವು, ಆದ್ದರಿಂದ ಸತ್ತವು. ಹಬೆಯಲ್ಲಿ ಲೆಕ್ಕದಕ್ಕನ ಕನ್ನಡಕ ಮಂಜಾಯಿತು. ಅವಳು ಒರೆಸಿಕೊಳ್ಳಲಿಲ್ಲ. ಕಣ್ಣು ಕಾಣದಿದ್ದಾಗಲೇ ಕೇಳುವುದು ಸುಲಭ ಎನ್ನಿಸಿತು.

"ಅವತ್ತು ತಟ್ಟೆಗಳಿಗೆ ಯಾಕೆ ನೀರು ಹಾಕಲಿಲ್ಲ ಪುಟ್ಟಿ?"

ಪುಟ್ಟಿ ಖಾಲಿ ಸೀಸೆಯನ್ನು ಪಕ್ಕಕ್ಕಿಟ್ಟಳು.

"ಮರೆತೆ."

"ಮರೆತ್ಯಾ?"

"ಹೂಂ. ಮೊದಲನೇ ದಿನ ಹಾಕಿದೆ. ಆಮೇಲೆ ಗೆಳತಿ ಮದುವೆ, ಅದು ಇದು, ಪೂರ್ತಿ ಮರೆತೇ ಹೋಯ್ತು. ನೀವು ಬರೋ ಬೆಳಿಗ್ಗೆ ನೆನಪಾಗಿ ಓಡಿ ಬಂದೆ, ಅಷ್ಟೊತ್ತಿಗೆ ನೀವು ತಟ್ಟೆ ಮುಂದೆ ಕೂತಿದ್ರಿ." ಪುಟ್ಟಿ ಮೂಗು ಒರೆಸಿಕೊಂಡಳು. "ನೀವು ಬೈತೀರ ಅಂತ ಕಾದೆ. ಬೈದ್ರೆ ತಪ್ಪಾಯ್ತು ಅಂತ ಹೇಳಿ, ಎದ್ದಿರೋ ಕರಡಿಗಳನ್ನ ತೋರಿಸೋಣ ಅಂತಿದ್ದೆ. ನೀವು ಬೈಯಲೇ ಇಲ್ಲ. ಮುಂದಿನ ವರ್ಷ ನಾನು ಇಲ್ಲಿ ಸೇರಿದಾಗ ನಗ್ತಾ ಕೈ ಕುಲುಕಿದ್ರಿ. ಆ ನಗು ನೋಡಿ ನನಗೆ ಹೆದರಿಕೆ ಆಯ್ತು. ಆಮೇಲೆ ಡಬ್ಬಿ ಹಿಂದಕ್ಕೆ ಹೋಗ್ತಾ ಹೋಗ್ತಾ ಫ್ರಿಜ್ಜಿನ ಮೂಲೆಗೆ ಸೇರ್ತು."

ಮರೆತಿದ್ದಳು. ಅಷ್ಟೇ. ಹೊಟ್ಟೆಕಿಚ್ಚಲ್ಲ, ಹಗೆಯಲ್ಲ, ಲೆಕ್ಕದಕ್ಕ ಇಷ್ಟು ವರ್ಷ ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದ ಯಾವುದೂ ಅಲ್ಲ. ಪ್ರಶ್ನೆ ಬಾಯಿಂದ ಹೊರಬಿದ್ದು ಎದ್ದು ನಿಂತದ್ದೇ ತಡ, ಒಂದು ಮಾತಿಗೆ ಸತ್ತುಬಿತ್ತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕೆಟಲನ್ನು ಕೆಳಗಿಟ್ಟು, ತೊಟ್ಟಿಯ ಅಂಚು ಹಿಡಿದು, ಎರಡನ್ನೂ ಒಟ್ಟಿಗೆ ಮಾಡಿದಳು.

"ನಿನ್ನ ಒಂದು ವರ್ಷ ಹಾಳು ಮಾಡಿದೆ ನಾನು," ಎಂದಳು. "ನಿನಗೆ ಸಿಟ್ಟು ಬಂದಿಲ್ವಾ?"

"ಬಂದಿಲ್ವಾ ಅಂದ್ರೆ? ಮೈಯೆಲ್ಲ ಉರೀತಿದೆ."

"ಮತ್ತೆ ಸುಮ್ನಿದ್ದೀಯ?"

ಪುಟ್ಟಿ ಕೊನೆಯ ಸೀಸೆಯನ್ನು ತೊಟ್ಟಿಗೆ ಬಗ್ಗಿಸಿ, ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡಳು. "ಇಲ್ಲಿ ಮೇಡಂ ಇದ್ದಾರೆ. ಹೊರಗೆ ಹೋಗೋಣ ಬನ್ನಿ. ಮನೆವರೆಗೂ ಬೈತೀನಿ, ಕೇಳಿಸ್ಕೊಳ್ಳಿ. ನಿಮ್ಮ ಹಾಗೆ ಒಣಗಿಸಿ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವತ್ತು ಅವರು ಬಸ್ಸು ಹತ್ತಲಿಲ್ಲ. ಬಸ್ಸಿನಲ್ಲಿ ಜನ ಇರುತ್ತಾರೆ, ಮನಸ್ಸು ಬಿಚ್ಚಿ ಬೈಯಲು ಆಗುವುದಿಲ್ಲ. ಲೆಕ್ಕದಕ್ಕ ಇಬ್ಬರ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ನಡೆದಳು, ಪುಟ್ಟಿ ಪಕ್ಕದಲ್ಲಿ ಕೈ ಬೀಸುತ್ತಾ ಬೈದಳು. ಔಷಧಿ ಅಂಗಡಿ ದಾಟುವವರೆಗೆ ಓವನ್ನಿನ ಬಗ್ಗೆ ಬೈದಳು, ಸಿಗ್ನಲ್ಲು ಬರುವವರೆಗೆ ಉಗುರುಬಣ್ಣದ ಬಗ್ಗೆ, ಮನೆಯ ತಿರುವಿನಲ್ಲಿ ಆ ದವಡೆ ನೋಯಿಸಿಕೊಂಡು ನಕ್ಕ ನಗುವಿನ ಬಗ್ಗೆ. ಲೆಕ್ಕದಕ್ಕ ಒಂದಕ್ಕೂ ಎದುರು ಹೇಳಲಿಲ್ಲ. ಬಾಗಿಲು ತೆರೆದ ಗಂಡ ತಂಗಿಯ ಕೆಂಪು ಮುಖವನ್ನೂ ಹೆಂಡತಿಯ ಒದ್ದೆ ಕಣ್ಣನ್ನೂ ನೋಡಿ, ಏನಾಯ್ತು ಎಂದು ಗಾಬರಿಯಾದ.

"ಇರಿ ರೀ," ಎಂದಳು ಲೆಕ್ಕದಕ್ಕ, ಚೀಲಗಳನ್ನು ಇಳಿಸುತ್ತಾ. "ಅವಳದ್ದು ಇನ್ನೂ ಮುಗಿದಿಲ್ಲ."